ಇಬ್ಬರಲ್ಲಿ ಒಬ್ಬರೇ ಉಳಿದರೆ? ಚಿಯಾಂಗ್ ಮಾಯ್‌ನಲ್ಲಿ ನಿವೃತ್ತಿ ಜೀವನ, ನನ್ನ ಅನುಭವ

ನಿವೃತ್ತಿಯಾದ ಮೇಲೆ ಹೊರದೇಶಕ್ಕೆ ಬಂದು ನೆಲೆಸಿದವರಲ್ಲಿ ಯಾರು ಉಳಿಯುತ್ತಾರೆ, ಯಾರು ವಾಪಸ್ ಹೋಗುತ್ತಾರೆ? ಯಾರನ್ನೇ ಕೇಳಿ, ಮೊದಲು ದುಡ್ಡಿನ ಮಾತೇ ಬರುತ್ತದೆ. ಆಮೇಲೆ ಹವೆ, ಆಸ್ಪತ್ರೆ, ಮೊಮ್ಮಕ್ಕಳು. ನಾನು ಮತ್ತು ನಮ್ಮವರು ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ಬಂದು ವರ್ಷಗಳೇ ಆದವು. ಬೇರೆ ಬೇರೆ ದೇಶದಿಂದ ಇಲ್ಲಿಗೆ ಬಂದ ಎಷ್ಟೋ ಜೋಡಿಗಳನ್ನು ನೋಡಿದ್ದೇನೆ. ನಾನು ಹಾಕುವ ಲೆಕ್ಕ ಬೇರೆ. ಗಂಡ ಹೆಂಡತಿ ಇಬ್ಬರಲ್ಲಿ ಯಾರಿಗೆ ಬರುವ ಆಸೆ ಕಡಿಮೆ ಇತ್ತೋ ಅವರು ಇಲ್ಲಿ ಒಬ್ಬರೇ ಬದುಕಬಲ್ಲರಾ? ಬದುಕಬಲ್ಲರು ಅಂದರೆ ಆ ಜೋಡಿ ಉಳಿಯುತ್ತದೆ. ಇಲ್ಲವೆಂದರೆ ಇವತ್ತಲ್ಲ ನಾಳೆ ಹೊರಡುತ್ತದೆ.

ನಮ್ಮಲ್ಲಿ ಆ ಕಡಿಮೆ ಆಸೆಯವಳು ನಾನು. ಬೆಟ್ಟ, ತಂಪು, ಬೆಳಗಿನ ವಾಕಿಂಗ್ ಎಲ್ಲ ಅವರ ಕನಸು. ನನಗೆ ಬೇಡ ಅಂತೇನೂ ಇರಲಿಲ್ಲ. ಆದರೆ ಅವರ ಕನಸಿಗೆ ಲಗೇಜಾಗಿ ಬರುವುದು ಬೇಡ ಅನಿಸಿತ್ತು. ಅದಕ್ಕೇ ಮೊದಲೇ ಒಂದು ಷರತ್ತು ಹಾಕಿದೆ: ಕಾಗದಪತ್ರ ಎಲ್ಲ ಇಬ್ಬರಿಗೂ ಬೇರೆ ಬೇರೆ.

ಇಲ್ಲಿನ ನಿಯಮ ಗೊತ್ತಿದ್ದರೆ ಷರತ್ತು ಯಾಕೆ ಅಂತ ಅರ್ಥವಾಗುತ್ತದೆ. 50 ವರ್ಷ ತುಂಬಿದವರು ನಿವೃತ್ತಿಯ ಆಧಾರದ ಮೇಲೆ ವರ್ಷ ವರ್ಷ ವೀಸಾ ವಿಸ್ತರಿಸಿಕೊಂಡು ಇರಬಹುದು. ಅದಕ್ಕೆ ಇಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಟ್ಟಿರಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಇಟ್ಟ ದುಡ್ಡನ್ನು ಸುಮ್ನೆ ತೆಗೆಯುವಂತಿಲ್ಲ. ಅರ್ಜಿಗೆ ಎರಡು ತಿಂಗಳು ಮುಂಚೆಯಿಂದ, ಮಂಜೂರಾದ ಮೇಲೆ ಮೂರು ತಿಂಗಳವರೆಗೆ ಪೂರ್ತಿ ಇರಬೇಕು. ಆಮೇಲೂ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು. ಇಷ್ಟು ದುಡ್ಡನ್ನು ಎರಡೆರಡು ಕಡೆ ಯಾಕೆ ಕಟ್ಟಿಹಾಕೋದು ಅಂತ ಬಹಳ ಜನ ಗಂಡನ ಹೆಸರಲ್ಲಿ ಮಾತ್ರ ಇಡುತ್ತಾರೆ. ಹೆಂಡತಿ ಅವನ ಅವಲಂಬಿತೆಯಾಗಿ ವಿಸ್ತರಣೆ ಪಡೆಯುತ್ತಾಳೆ. ಕಾನೂನಿನಲ್ಲಿ ಅದಕ್ಕೆ ಅವಕಾಶ ಇದೆ, ದುಡ್ಡೂ ಉಳಿಯುತ್ತದೆ.

ಅದರ ನಿಜವಾದ ಬೆಲೆ ತಿಳಿಯುವುದು ಗಂಡ ತೀರಿಕೊಂಡ ದಿನ.

ನಮ್ಮ ಎದುರು ಮನೆಯಲ್ಲಿ ಯುರೋಪಿನ ಒಬ್ಬ ಹೆಂಗಸು ಇದ್ದರು. ಊರನ್ನು ನಮ್ಮೆಲ್ಲರಿಗಿಂತ ಜಾಸ್ತಿ ಹಚ್ಚಿಕೊಂಡವರು. ಗಂಡ ಹೃದಯಾಘಾತದಿಂದ ಹೋದರು. ಸಾವಿನ ವಿಷಯ ತಿಳಿದ ತಕ್ಷಣ ಬ್ಯಾಂಕಿನವರು ಗಂಡನ ಖಾತೆಯನ್ನು ತಡೆಹಿಡಿದರು. ಇಲ್ಲಿ ಅದು ಎಲ್ಲ ಬ್ಯಾಂಕಿನ ಪದ್ಧತಿ. ದುಡ್ಡು ಬಿಡಿಸಬೇಕಾದರೆ ಕೋರ್ಟಿಗೆ ಹೋಗಿ ಆಸ್ತಿಗೆ ಒಬ್ಬ ನಿರ್ವಾಹಕರನ್ನು ನೇಮಿಸಿಕೊಂಡು ಬರಬೇಕು, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಆಕೆಯ ವೀಸಾ ನಿಂತಿದ್ದೇ ಗಂಡನ ವೀಸಾದ ಮೇಲೆ, ಅದಕ್ಕೂ ಆಧಾರ ಇಲ್ಲವಾಯಿತು. ಬಾಡಿಗೆ ಕರಾರು, ಕರೆಂಟು, ಮೊಬೈಲ್ ಎಲ್ಲ ಗಂಡನ ಹೆಸರಲ್ಲೇ. ದುಃಖಪಡಲಿಕ್ಕೂ ಪುರುಸೊತ್ತು ಕೊಡದ ಹಾಗೆ ಒಂದಾದ ಮೇಲೊಂದು ಕಾಗದ. ಎರಡು ಸೂಟ್‌ಕೇಸ್ ಹಿಡಿದು ಹೊರಟೇಬಿಟ್ಟರು. ಉಳಿದವರು, "ಪಾಪ, ಒಂಟಿತನ ತಡೆಯಲಾರದೆ ಹೋದಳು" ಅಂದರು. ನನಗೆ ಹಾಗನಿಸಲಿಲ್ಲ. ಕಾಗದ ಸರಿಯಿದ್ದಿದ್ದರೆ ಆಕೆ ಈಗಲೂ ಎದುರು ಮನೆಯಲ್ಲೇ ಇರುತ್ತಿದ್ದರು.

ಹಾಗಾಗಿ ನನ್ನ 8 ಲಕ್ಷ ನನ್ನ ಖಾತೆಯಲ್ಲಿದೆ. ಬಾಡಿಗೆ ಕರಾರಿನಲ್ಲಿ ಇಬ್ಬರ ಸಹಿಯಿದೆ. ಇಲ್ಲಿರುವ ದುಡ್ಡಿಗೆ ಮಾತ್ರ ಸೀಮಿತವಾಗಿ ಥಾಯ್ ಭಾಷೆಯಲ್ಲಿ ಇಬ್ಬರೂ ಬೇರೆ ಬೇರೆ ವಿಲ್ ಮಾಡಿಸಿದ್ದೇವೆ. ವಿಲ್ ಇದ್ದರೂ ಕೋರ್ಟು ತಪ್ಪುವುದಿಲ್ಲ, ಕೆಲಸ ಸಲೀಸಾಗುತ್ತದೆ ಅಷ್ಟೇ. ಅದಕ್ಕೇ ಒಬ್ಬರ ಖಾತೆ ನಿಂತುಹೋದರೂ ಇನ್ನೊಬ್ಬರು ಒಂದು ವರ್ಷ ಬದುಕುವಷ್ಟು ದುಡ್ಡು ಅವರವರ ಹೆಸರಲ್ಲೇ ಇರಬೇಕು ಅಂತ ಮಾಡಿಕೊಂಡಿದ್ದೇವೆ.

ವರ್ಷಕ್ಕೊಮ್ಮೆ ವಿಸ್ತರಣೆಗೆ ನಾನೊಬ್ಬಳೇ ಹೋಗುತ್ತೇನೆ, ಬೇಕೆಂದೇ. ಬೆಳಿಗ್ಗೆ ಮೊದಲು ಬ್ಯಾಂಕು. ಪಾಸ್‌ಬುಕ್ಕಿನಲ್ಲಿ ಅವತ್ತಿನದೇ ನಮೂದು ಬೇಕು ಅಂತ ಯಂತ್ರಕ್ಕೆ ನೂರು ಬಾತ್ ಹಾಕಿ ಎಂಟ್ರಿ ಹೊಡೆಸುವುದು, ಬ್ಯಾಂಕಿನ ಪತ್ರ ತೆಗೆದುಕೊಳ್ಳುವುದು. ಆಮೇಲೆ ಝೆರಾಕ್ಸ್ ಅಂಗಡಿ, ಪ್ರತಿ ಹಾಳೆಯ ಮೇಲೂ ನೀಲಿ ಪೆನ್ನಿನ ಸಹಿ. ಇಮಿಗ್ರೇಷನ್ ಆಫೀಸಿನಲ್ಲಿ ಟೋಕನ್ ಹಿಡಿದು ಕೂರುವುದು, 1,900 ಬಾತ್ ಶುಲ್ಕ ಕಟ್ಟುವುದು. ಮಧ್ಯೆ ದೇಶ ಬಿಟ್ಟು ಹೋಗುವುದಿದ್ದರೆ ಮರುಪ್ರವೇಶದ ಪರವಾನಗಿಯನ್ನೂ ಅಲ್ಲೇ ಮಾಡಿಸಿಕೊಳ್ಳಬೇಕು. ಅದಿಲ್ಲದೆ ಗಡಿ ದಾಟಿದರೆ ವಿಸ್ತರಣೆಯೇ ರದ್ದು. ಏಜೆಂಟರಿಗೆ ಕೊಟ್ಟರೆ ಇದೆಲ್ಲ ಮನೆಯಲ್ಲಿ ಕೂತೇ ಆಗುತ್ತದೆ. ಆದರೆ ಆ ಸಾಲಿನಲ್ಲಿ ಒಮ್ಮೆ ಒಬ್ಬಳೇ ನಿಂತು ಬಂದರೆ ಮೂಡುವ ಧೈರ್ಯ ಏಜೆಂಟ್ ಕೈಯಿಂದ ಸಿಗುವುದಿಲ್ಲ ಅಲ್ವಾ?

ಭಾಷೆ ಎರಡನೆಯದು. ನಾನು ಮಾತಿಗಿಂತ ಮೊದಲು ಓದು ಕಲಿತೆ. ಥಾಯ್ ಲಿಪಿಯ ಮೂಲ ನಮ್ಮ ಲಿಪಿಯದೇ, ಬ್ರಾಹ್ಮಿ. ಅಕ್ಷರಗಳು ಕವರ್ಗ, ಚವರ್ಗ ಅಂತ ಬಹುಪಾಲು ನಮ್ಮ ವರ್ಣಮಾಲೆಯ ಸಾಲಿನಲ್ಲೇ ಬರುತ್ತವೆ. ಸ್ವರಚಿಹ್ನೆಗಳು ವ್ಯಂಜನದ ಮೇಲೆ, ಕೆಳಗೆ, ಹಿಂದೆ, ಮುಂದೆ ಎಲ್ಲ ಕಡೆ ಕೂರುತ್ತವೆ. ಕಾಗುಣಿತ ಬಲ್ಲವರಿಗೆ ಅದೇನು ದೊಡ್ಡ ಗಾಬರಿಯಲ್ಲ. ನನ್ನ ಜೊತೆ ಕಲಿಯಲು ಕೂತ ಅಮೆರಿಕದ ಗೆಳತಿಗೆ ತಲೆ ಕೆಟ್ಟುಹೋಗಿತ್ತು. ದನಿ ಏರಿಳಿದಂತೆ ಪದದ ಅರ್ಥವೇ ಬದಲಾಗುವ ಉಚ್ಚಾರದ ಐದು ಸ್ವರಭಾರಗಳು ಮಾತ್ರ ನನ್ನನ್ನೂ ಇವತ್ತಿಗೂ ಸತಾಯಿಸುತ್ತವೆ. ಪರವಾಗಿಲ್ಲ. ಔಷಧಿ ಚೀಟಿ, ಬಸ್ಸಿನ ಬೋರ್ಡು, ಕರೆಂಟ್ ಬಿಲ್ಲು ಓದಲು ಬರುತ್ತದೆ. ಅಷ್ಟಾದರೆ ಯಾರ ಕೈಯನ್ನೂ ಕಾಯಬೇಕಾಗಿಲ್ಲ.

ಇನ್ನು ದಿನ ತುಂಬಿಸುವ ಕಷ್ಟ. ನಿವೃತ್ತಿ ವೀಸಾದಲ್ಲಿ ದುಡಿಯುವಂತಿಲ್ಲ. ಸಂಬಳವಿಲ್ಲದ ಸೇವೆಗೂ ಕೆಲಸದ ಪರವಾನಗಿ ಬೇಕು ಅನ್ನುತ್ತದೆ ಕಾನೂನು. ಆಫೀಸೇ ಜೀವನ ಅಂದುಕೊಂಡಿದ್ದವರು ಇಲ್ಲೇ ಎಡವುತ್ತಾರೆ. ಮೊದಲ ವರ್ಷ ತಿರುಗಾಟ, ಎರಡನೇ ವರ್ಷ ಫೋಟೊ, ಮೂರನೇ ವರ್ಷ ಹೊತ್ತಿಗೆ ಮುಂಚೆಯೇ ಬಾಟಲಿ. ಹೆಂಡತಿ ಅದನ್ನು ಕೂತು ನೋಡಬೇಕು. ಅವಳಿಗೆ ತನ್ನದೇ ಒಂದು ಬಳಗ ಇಲ್ಲದಿದ್ದರೆ ಊರಿಗೆ ಹೋಗೋಣ ಅನ್ನುವ ಮಾತು ಶುರುವಾಗುವುದೇ ಆಗ. ನಾನು ಸಾನ್ ಕಾಂಫೇಂಗ್ ಕಡೆ ನೇಯ್ಗೆ ಕಲಿಯಲು ಹೋಗುತ್ತೇನೆ, ಅಲ್ಲಿನ ಹೆಂಗಸರೇ ನನ್ನ ಗೆಳತಿಯರು. ನಮ್ಮವರಿಗೆ ಅವರ ಹೆಸರೂ ಗೊತ್ತಿಲ್ಲ. ಅದು ಹಾಗೇ ಇರಲಿ ಅಂತ ನಾನೂ ಪರಿಚಯ ಮಾಡಿಸಿಲ್ಲ.

ಹೋದವರಲ್ಲಿ ಎಲ್ಲರದೂ ಇದೇ ಕಥೆ ಅನ್ನುವುದಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸುತ್ತಲಿನ ಗದ್ದೆ, ಕಾಡು ಸುಟ್ಟ ಹೊಗೆ ಈ ಕಣಿವೆಯಲ್ಲಿ ತುಂಬಿಕೊಳ್ಳುತ್ತದೆ. ಮಾರ್ಚಿನಲ್ಲಿ ಎಷ್ಟೋ ದಿನ ಜಗತ್ತಿನ ಅತಿ ಮಲಿನ ನಗರಗಳ ಪಟ್ಟಿಯ ಮೇಲ್ತುದಿಯಲ್ಲಿ ಚಿಯಾಂಗ್ ಮಾಯ್ ಇರುತ್ತದೆ. ಶ್ವಾಸದ ತೊಂದರೆ ಇದ್ದವರಿಗೆ ಬೇರೆ ದಾರಿ ಇಲ್ಲ. ನಾವು ಆ ವಾರಗಳಲ್ಲಿ ದಕ್ಷಿಣದ ಕಡಲಿನ ಕಡೆ ಹೋಗಿಬಿಡುತ್ತೇವೆ. ಎರಡು ಕಡೆ ಬಾಡಿಗೆ ಕೊಡಲಾಗದವರು ಮುಖಕ್ಕೆ ಮಾಸ್ಕ್ ಹಾಕಿ ಕಿಟಕಿ ಮುಚ್ಚಿಕೊಂಡು ಕೂರುತ್ತಾರೆ, ಒಂದೆರಡು ವರ್ಷ ನೋಡಿ ಹೊರಡುತ್ತಾರೆ.

ದುಡ್ಡು ನಿಧಾನವಾಗಿ ಕಚ್ಚುತ್ತದೆ. ಬ್ರಿಟನ್ನಿನ ಸರ್ಕಾರಿ ವೃದ್ಧಾಪ್ಯ ಪಿಂಚಣಿ ಸ್ಪೇನಿನಲ್ಲಿರುವವರಿಗೆ ವರ್ಷ ವರ್ಷ ಏರುತ್ತದೆ, ಥಾಯ್ಲೆಂಡಿನಲ್ಲಿರುವವರಿಗೆ ಏರುವುದಿಲ್ಲ. 65ರಲ್ಲಿ ಸಾಕಾಗುತ್ತಿದ್ದದ್ದು 80ರಲ್ಲಿ ಸಾಲುವುದಿಲ್ಲ. ಅಮೆರಿಕದವರ ಮೆಡಿಕೇರ್, ಅಂದರೆ ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ, ಸಾಮಾನ್ಯವಾಗಿ ದೇಶದ ಹೊರಗೆ ನಡೆಯುವುದಿಲ್ಲ. ಇಲ್ಲಿ ಖಾಸಗಿ ವಿಮೆ 70 ದಾಟಿದ ಮೇಲೆ ಕೈಗೆ ಸಿಗದಷ್ಟು ದುಬಾರಿ. ಬೈಪಾಸ್ ಆಗಬೇಕು ಅಂತ ಗೊತ್ತಾದ ಮರುವಾರವೇ ವಿಮಾನ ಹತ್ತಿದವರಿದ್ದಾರೆ. ಅವರು ಸೋತು ಹೋದರು ಅನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಊರಿನ ವಿಮೆಯನ್ನು ಕೈಬಿಡದೆ ಕಟ್ಟಿಕೊಂಡು ಬಂದಿದ್ದರಿಂದಲೇ ಅವರಿಗೆ ಹೋಗುವ ದಾರಿ ಇತ್ತು. ಎಲ್ಲವನ್ನೂ ಮಾರಿ ಬಂದವರಲ್ಲಿ ಕೆಲವರು ಇಲ್ಲಿ ಉಳಿದಿರುವುದೇ ಹೋಗಲು ಜಾಗ ಇಲ್ಲದೆ. ಹಾಗೆ ಉಳಿಯುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸ್ವಂತ ಮನೆ ಇದ್ದರೆ ಗಟ್ಟಿಯಾಗಿ ಉಳಿಯುತ್ತಾರೆ ಅನ್ನುವುದನ್ನೂ ನಾನು ನಂಬುವುದಿಲ್ಲ. ಇಲ್ಲಿ ವಿದೇಶಿಯರಿಗೆ ಜಮೀನು ಕೊಳ್ಳುವ ಹಕ್ಕಿಲ್ಲ. ಅಪಾರ್ಟ್‌ಮೆಂಟ್ ಕೊಳ್ಳಬಹುದು, ಅದೂ ಕಟ್ಟಡದ ಎಲ್ಲ ಮನೆಗಳ ಒಟ್ಟು ಜಾಗದಲ್ಲಿ ವಿದೇಶಿಯರ ಪಾಲು 49 ಪರ್ಸೆಂಟ್ ದಾಟದಿದ್ದರೆ. ಕೊಂಡದ್ದು ಮಾರಾಟವಾಗದೆ ಸಿಕ್ಕಿಬಿದ್ದವರನ್ನೂ ನೋಡಿದ್ದೇನೆ. ನಾವು ಬಾಡಿಗೆ ಮನೆಯಲ್ಲೇ ಇದ್ದೇವೆ. ಮಂಡಿ ನೋವು ಜಾಸ್ತಿಯಾದಾಗ ಮೆಟ್ಟಿಲಿಲ್ಲದ, ಆಸ್ಪತ್ರೆಗೆ ಹತ್ತಿರದ ಮನೆಗೆ ಬದಲಾಯಿಸಿದೆವು.

ಕೊನೆಗಾಲದ ಮಾತನ್ನೂ ಬರೆದಿಟ್ಟಿದ್ದೇವೆ. ಸುಮ್ನೆ ಉಸಿರು ಹಿಡಿದಿಡುವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದುಕೊಡಲು 2007ರ ರಾಷ್ಟ್ರೀಯ ಆರೋಗ್ಯ ಕಾಯಿದೆಯ 12ನೇ ಕಲಂ ಇಲ್ಲಿ ಅವಕಾಶ ಕೊಡುತ್ತದೆ. ಆ ಪತ್ರ ಬರೆಯಲು ಕೂತ ದಿನವೇ ಒಬ್ಬರು ಹೋದರೆ ಇನ್ನೊಬ್ಬರು ಏನು ಮಾಡುವುದು ಅನ್ನುವ ಮಾತೂ ಬಂತು. ಅವರು ಮೊದಲು ಹೋದರೆ ನಾನು ಇಲ್ಲೇ ಇರುತ್ತೇನೆ ಅಂದೆ. ನಾನು ಮೊದಲು ಹೋದರೆ ಮಗಳ ಹತ್ತಿರ ಹೋಗುತ್ತೇನೆ ಅಂದರು ಅವರು, ಇಷ್ಟು ದೂರ ಕರೆತಂದವರು! ಅವರಿಗೆ ಥಾಯ್ ಓದಲು ಬರುವುದಿಲ್ಲ, ಪಾಸ್‌ಬುಕ್ ಎಲ್ಲಿದೆ ಗೊತ್ತಿಲ್ಲ, 90 ದಿನಕ್ಕೊಮ್ಮೆ ಇಮಿಗ್ರೇಷನ್‌ಗೆ ವಿಳಾಸ ತಿಳಿಸುವ ಕೆಲಸವೂ ನನ್ನದೇ ಆಗಿಬಿಟ್ಟಿತ್ತು. ಈಗ ಅದನ್ನು ಅವರ ಕೈಗೇ ಕೊಟ್ಟಿದ್ದೇನೆ. ಗಡುವಿಗೆ 15 ದಿನ ಮುಂಚೆಯಿಂದ ಆನ್‌ಲೈನಿನಲ್ಲೇ ಮಾಡಬಹುದು, ತಪ್ಪಿದರೆ 2,000 ಬಾತ್ ದಂಡ. ದಂಡ ಬಿದ್ದರೆ ಅವರ ಖಾತೆಯಿಂದಲೇ ಕಟ್ಟಬೇಕು ಅಂತಲೂ ಹೇಳಿದ್ದೇನೆ.