20x30 ಸೈಟಿನ ನಡುಮನೆಗೆ ಗಾಳಿ ಬೆಳಕು ತಂದ ಬಗೆ: ನನ್ನ ಅನುಭವ

ಮೈಸೂರಿನಲ್ಲಿ 20x30 ಸೈಟಿಗೆ ಮನೆ ಕಟ್ಟುವವರಿಗೆಲ್ಲ ಒಂದೇ ತಲೆನೋವು. ಮುಂದಿನ ಹಾಲ್‌ನಲ್ಲಿ ಬೆಳಕು ಇರುತ್ತದೆ. ಹಿಂದಿನ ಕೋಣೆಗೂ ಒಂದಿಷ್ಟು ಗಾಳಿ ಸಿಗುತ್ತದೆ. ನಡುಮನೆ ಮಾತ್ರ ಹಗಲಲ್ಲೂ ಲೈಟ್ ಹಾಕಿಕೊಂಡೇ ಇರಬೇಕು. ನಡುವೆ 4x6 ಅಡಿ ಜಾಗವನ್ನು ಆಕಾಶಕ್ಕೆ ಬಿಡುತ್ತೇನೆ, ಅದರ ಮೇಲೆ ಎತ್ತರದಲ್ಲಿ, ಸುತ್ತ ಜಾಲಿ ಇರುವ ಒಂದು ಗಾಜಿನ ಟೋಪಿ ಕೂರಿಸುತ್ತೇನೆ ಅಂದಾಗ ನನ್ನ ಜೊತೆಯ ಕಂಟ್ರ್ಯಾಕ್ಟರುಗಳು ಒಬ್ಬರೂ ಒಪ್ಪಲಿಲ್ಲ. "ಸೈಟಿರೋದೇ ಆರು ಚದರ. ಅದರಲ್ಲಿ ಕಾಲು ಚದರ ಆಕಾಶಕ್ಕೆ ಕೊಡ್ತೀರಾ ಸ್ವಾಮಿ?" ಅಂದರು. (ನಮ್ಮ ಲೆಕ್ಕದಲ್ಲಿ ಒಂದು ಚದರ ಅಂದರೆ ನೂರು ಚದರ ಅಡಿ.) ಈಗ ಆ ಮನೆ ಎರಡು ಮಳೆಗಾಲ, ಎರಡು ಬೇಸಿಗೆ ನೋಡಿದೆ. ಅವತ್ತು ಬೇಡ ಅಂದವರೇ ಇವತ್ತು ತಮ್ಮ ಗಿರಾಕಿಗಳನ್ನು ಕರೆತಂದು ತೋರಿಸುತ್ತಿದ್ದಾರೆ. ಅದಕ್ಕೇ ಬರೆಯಲು ಕೂತೆ.

ಪೂರ್ವಕ್ಕೆ ಮುಖ ಮಾಡಿದ ಸೈಟು. ದಕ್ಷಿಣಕ್ಕೆ ಪಕ್ಕದವರ ಎರಡು ಅಂತಸ್ತಿನ ಗೋಡೆ ಅಂಟಿಕೊಂಡೇ ಇದೆ. ಉತ್ತರಕ್ಕೆ ಮತ್ತು ಹಿಂದಕ್ಕೆ ಮೂರು ಮೂರು ಅಡಿ ಸೆಟ್‌ಬ್ಯಾಕ್, ಅಂದರೆ ಗೋಡೆಗೂ ಸೈಟಿನ ಗಡಿಗೂ ನಡುವೆ ಬಿಡುವ ಜಾಗ. ಇಷ್ಟರಲ್ಲಿ ಕೆಳಗೆ ಮನೆಯವರಿಗೆ, ಮೇಲೆ ಬಾಡಿಗೆಗೆ ಒಂದೊಂದು ಮನೆ ಬರಬೇಕಿತ್ತು. ಮನೆ ಯಜಮಾನರು ಮೊದಲು ಇದ್ದ ಬಾಡಿಗೆ ಮನೆಯನ್ನು ನಾನು ನೋಡಿದ್ದೆ. ಬೀರುವಿನ ಹಿಂದೆ ಕೈಯಗಲ ಬೂಷ್ಟು. ಮಳೆಗಾಲದಲ್ಲಿ ಬಟ್ಟೆ ಒಳಗೇ ಒಣಗಬೇಕು, ಅಡುಗೆಯ ಹಬೆಯೂ ಅಲ್ಲೇ ಸುತ್ತಬೇಕು. ಮಗುವಿಗೆ ಜುಲೈ ಬಂದರೆ ಉಬ್ಬಸ. ಯಜಮಾನರ ತಾಯಿ ನನ್ನನ್ನು ಕೇಳಿದ್ದು ಒಂದೇ ಮಾತು. "ಮೇಸ್ತ್ರಿ, ಗ್ರಾನೈಟು ಗೀನೈಟು ನಂಗೆ ಬೇಡಪ್ಪ. ಮೊಮ್ಮಗ ಮಲಗೋ ಕಡೆ ಗಾಳಿ ಆಡೋ ಹಂಗೆ ಮಾಡ್ಕೊಡು." ಅವರ ಆ ಮಾತೇ ಕೊನೆಯವರೆಗೂ ನನ್ನ ಬೆನ್ನಿಗಿತ್ತು.

ಮೂರು ಅಡಿ ಸೆಟ್‌ಬ್ಯಾಕ್ ಬಿಟ್ಟರೆ ಬಿಸಿಲು ಬರುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಲೆಕ್ಕ ಹಾಕಿ ನೋಡಿ. ಡಿಸೆಂಬರ್‌ನಲ್ಲಿ ಮೈಸೂರಿನ ನಡುಮಧ್ಯಾಹ್ನದ ಬಿಸಿಲು ಹೆಚ್ಚುಕಮ್ಮಿ 54 ಡಿಗ್ರಿ ಎತ್ತರದಿಂದ ಬೀಳುತ್ತದೆ. ದಕ್ಷಿಣಕ್ಕೆ ಎತ್ತರದ ಗೋಡೆ ಇದ್ದರೆ, ಮೂರು ಅಡಿ ಸಂದಿಯಲ್ಲಿ ಆ ಬಿಸಿಲು ನಾಲ್ಕು ಅಡಿ ಕೆಳಕ್ಕೆ ಇಳಿದರೆ ಹೆಚ್ಚು. ಕೆಳಗಿನ ಮನೆಗೆ ಅದು ತಲುಪುವುದೇ ಇಲ್ಲ. ಬೊಂಬಾಯಿಯ ಇಂಪ್ರೂವ್‌ಮೆಂಟ್ ಟ್ರಸ್ಟ್ (ಊರು ಸುಧಾರಣೆಯ ಸಂಸ್ಥೆ)ನವರು ನೂರು ವರ್ಷಕ್ಕೂ ಹಿಂದೆ 63½ ಡಿಗ್ರಿ ಅಂತ ಒಂದು ನಿಯಮ ಇಟ್ಟುಕೊಂಡಿದ್ದರು. ಎದುರು ಗೋಡೆ 20 ಅಡಿ ಇದ್ದರೆ ನಡುವೆ 10 ಅಡಿ ಬಯಲು ಬೇಕು ಅನ್ನುವುದು ಅದರ ಸಾರ. ನಮ್ಮ ಸಣ್ಣ ಸೈಟುಗಳಲ್ಲಿ ಅದು ಆಗದ ಮಾತು. ಆದರೆ ಅವರು ಅಷ್ಟು ಕೇಳಿದ್ದು ಯಾಕೆ ಅಂತ ಗೊತ್ತಿರಬೇಕು. 1896ರಲ್ಲಿ ಅಲ್ಲಿ ಪ್ಲೇಗ್ ಬಂತು. 1898ರಲ್ಲಿ ಬೆಂಗಳೂರಿಗೂ ಬಂತು. ಆಮೇಲೆ ಬೆಳೆದ ಬಸವನಗುಡಿ, ಮಲ್ಲೇಶ್ವರದ ಹಳೇ ಬೀದಿಗಳಲ್ಲಿ ಮನೆ ಹಿಂದಿನ ಕನ್ಸರ್ವೆನ್ಸಿ ಓಣಿಗಳನ್ನು (ಕಸ, ಹೊಲಸು ಸಾಗಿಸಲು ಬಿಟ್ಟ ಓಣಿಗಳು) ಈಗಲೂ ನೋಡಬಹುದು. ಮೈಸೂರಿನಲ್ಲೂ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯಿತು. ಅಂದಿನವರು ಜನ ಸಾಯುವುದನ್ನು ಕಣ್ಣಾರೆ ಕಂಡು ಬಿಟ್ಟ ಜಾಗ ಅದು. ಅದರಲ್ಲೇ ನಾವು ಶೀಟ್ ಹಾಕಿ ವಾಷಿಂಗ್ ಮಷಿನ್ ಇಡುತ್ತಿದ್ದೇವೆ. ನನಗೆ ಇದು ನಿಜಕ್ಕೂ ಸಂಕಟದ ವಿಷಯ.

ಈಗ ಕೆಲಸದ ವಿಷಯ. ಈ ಉಪಾಯ ಮೊದಲ ಸಲಕ್ಕೇ ಕೈಗೆ ಹತ್ತಲಿಲ್ಲ. ಹಿಂದಿನ ಕೆಲವು ಮನೆಗಳಲ್ಲಿ ಬೇರೆ ಬೇರೆ ಮಾಡಿ ದುಡ್ಡು ಕಳೆದಿದ್ದೆ. ಒಂದು ಮನೆಯ ಡಕ್ಟ್ (ಮನೆಯೊಳಗೆ ಹೀಗೆ ಆಕಾಶಕ್ಕೆ ಬಿಟ್ಟ ಬಾವಿಯಂಥ ಜಾಗ) ಮೇಲೆ ಪಾಲಿಕಾರ್ಬೊನೇಟ್ ಶೀಟನ್ನು ಸಪಾಟಾಗಿ ಹೊದಿಸಿದೆವು. ಬೆಳಕೇನೋ ಬಂತು. ಏಪ್ರಿಲ್‌ನಲ್ಲಿ ಆ ಡಕ್ಟೇ ಒಲೆ ಆಗಿಹೋಯಿತು. ಬಿಸಿಗಾಳಿ ಮೇಲೇರಿ ಶೀಟಿಗೆ ತಾಗಿ ಅಲ್ಲೇ ನಿಲ್ಲುತ್ತಿತ್ತು. ಮೇಲಿನ ಮನೆಯವರು ಕಿಟಕಿಯನ್ನೇ ಮುಚ್ಚಿದರು. ಹನ್ನೆರಡು ಹದಿಮೂರು ಸಾವಿರ ಹೋಯಿತು. ಇನ್ನೊಂದು ಕಡೆ ಟರ್ಬೋ ವೆಂಟಿಲೇಟರ್ ಹಾಕಿದೆ, ಅಂದರೆ ಕರೆಂಟ್ ಇಲ್ಲದೆ ಗಾಳಿಗೇ ತಿರುಗುವ ಗುಂಡು ಫ್ಯಾನ್. ಐದು ಸಾವಿರ ಚಿಲ್ಲರೆ. ಗಾಳಿ ಇದ್ದಾಗ ಜೋರಾಗಿ ತಿರುಗುತ್ತಿತ್ತು. ಸೆಕೆಯ ರಾತ್ರಿ, ನಮಗೆ ಬೇಕಾದ ಹೊತ್ತಿನಲ್ಲೇ, ಸುಮ್ನೆ ನಿಂತಿರುತ್ತಿತ್ತು. ಎಕ್ಸಾಸ್ಟ್ ಫ್ಯಾನ್ ಕಥೆ ನಿಮಗೆಲ್ಲ ಗೊತ್ತು. ಕರೆಂಟ್ ಬಿಲ್ಲಿಗೆ ಹೆದರಿ ಯಾರೂ ಹಾಕುವುದಿಲ್ಲ. ಹಾಕಿದರೆ ಪಕ್ಕದ ಮನೆಯವರ ಜೊತೆ ಜಗಳ.

ಕೊನೆಗೆ ಕೈಹಿಡಿದದ್ದು ಎತ್ತರದ ಟೋಪಿ. ದಕ್ಷಿಣದ ಗೋಡೆಗೆ ಒತ್ತಿ, ಅಡುಗೆಮನೆ ಮತ್ತು ನಡುಕೋಣೆಯ ಮಧ್ಯೆ ಡಕ್ಟ್. 6 ಅಡಿಯನ್ನು ಉತ್ತರ ದಕ್ಷಿಣವಾಗಿ ಇಟ್ಟೆ. ನೆಲದಿಂದ ಮೇಲಿನವರೆಗೆ 24 ಅಡಿ ಇರಬಹುದು. ಪ್ಯಾರಾಪೆಟ್ (ತಾರಸಿ ಅಂಚಿನ ಗಿಡ್ಡ ಗೋಡೆ) ದಾಟಿ ಮೇಲಕ್ಕೆ ಎರಡೂವರೆ ಅಡಿ ಸಿಮೆಂಟ್ ಜಾಲಿ ಕಟ್ಟಿ, ಅದರ ಮೇಲೆ ದಪ್ಪ ಗಾಜು ಕೂರಿಸಿದೆ. ಗಾಜು ಸುತ್ತಲೂ ಮುಕ್ಕಾಲು ಅಡಿ ಹೊರಗೆ ಚಾಚಿದೆ. ಬೆಳಕು ಗಾಜಿನಿಂದ ಇಳಿಯುತ್ತದೆ, ಬಿಸಿಗಾಳಿ ಜಾಲಿಯಿಂದ ಹೊರಗೆ ಹೋಗುತ್ತದೆ. ಡಕ್ಟಿನ ಒಳಗೋಡೆಗೆ ಬರೀ ಸುಣ್ಣ. ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್‌ನಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೆ ಬರುವ ದಿನಗಳಲ್ಲಿ ಬಿಸಿಲು ತಳದ ಕಲ್ಲಿನವರೆಗೂ ಇಳಿಯುತ್ತದೆ. ಉಳಿದ ದಿನ ಸುಣ್ಣದ ಗೋಡೆಯೇ ಬೆಳಕನ್ನು ಕೆಳಕ್ಕೆ ದಾಟಿಸುತ್ತದೆ.

ಜಾಲಿಯ ದಿಕ್ಕಿನಲ್ಲೇ ಅರ್ಧ ಕೆಲಸ ಇದೆ. ನಮ್ಮ ಕಡೆ ಮಳೆಗಾಲದ ಗಾಳಿ ಪಶ್ಚಿಮದಿಂದ, ಚಳಿಗಾಲದ್ದು ಪೂರ್ವದಿಂದ. ಮೊದಲು ನಾಲ್ಕೂ ಕಡೆ ಜಾಲಿ ತೆರೆದಿಟ್ಟು ನೋಡಿದೆವು. ಜೂನ್ ಗಾಳಿ ಪಶ್ಚಿಮದ ಜಾಲಿಯಿಂದ ನುಗ್ಗಿ ಡಕ್ಟ್ ಒಳಗೆ ಇಳಿಯಿತು. ಕೆಳಗಿನ ಮನೆಯ ಒಗ್ಗರಣೆ ವಾಸನೆ ಪೂರ್ತಿ ನಡುಕೋಣೆಗೆ ಬಂತು, ಜೊತೆಗೆ ಎರಚಲು ಬೇರೆ. ಆಗ ಪಶ್ಚಿಮದ ಜಾಲಿಗೆ ಒಳಗಿಂದ ಹಲಗೆ ಹಾಕಿ ಮುಚ್ಚಿದೆ. ಗಾಳಿ ಟೋಪಿಗೆ ಹೊಡೆದು ಸುತ್ತಿ ಹೋಗುವಾಗ ಪೂರ್ವದ ಜಾಲಿಯಿಂದ ಒಳಗಿನ ಗಾಳಿಯನ್ನು ಎಳೆಯತೊಡಗಿತು. ದೀಪಾವಳಿ ಕಳೆದ ಮೇಲೆ ಹಲಗೆ ಪೂರ್ವಕ್ಕೆ ಬದಲಾಗುತ್ತದೆ. ವರ್ಷಕ್ಕೆ ಎರಡು ಸಲ, ತಾರಸಿ ಹತ್ತಿದರೆ ಐದು ನಿಮಿಷದ ಕೆಲಸ. ಜಾಲಿಯ ಒಟ್ಟು ತೂತು ಕೆಳಗಿನ ಕಿಟಕಿಗಳ ತೂತಿಗಿಂತ ಜಾಸ್ತಿ ಇರಬೇಕು. ಎಷ್ಟು ಜಾಸ್ತಿ, ಕೊನೆಯ ವರಸೆಯ ಜಾಲಿಯನ್ನು ಹೇಗೆ ಓರೆ ಕೂರಿಸಿದರೆ ಎರಚಲು ನಿಲ್ಲುತ್ತದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅದನ್ನು ಕಲಿಯಲು ನಾನು ಕೈಯಿಂದ ದುಡ್ಡು ಹಾಕಿದ್ದೇನೆ.

ಬರೀ ಡಕ್ಟ್ ಬಿಟ್ಟರೆ ಗಾಳಿ ಆಡುವುದಿಲ್ಲ. ಅದಕ್ಕೆ ಒಳಗೆ ಬರುವ ದಾರಿಯೂ ಬೇಕು. ನಡುಕೋಣೆಯ ಮುಖ್ಯ ಕಿಟಕಿ ಉತ್ತರದ ಸೆಟ್‌ಬ್ಯಾಕ್‌ಗೇ ಇದೆ. ಡಕ್ಟ್ ಕಡೆಯದು ಎರಡನೆಯದು. ಕೆಲವರು ಡಕ್ಟ್ ಒಂದನ್ನೇ ತೋರಿಸಿ ಮಲಗುವ ಕೋಣೆ ಮಾಡಿಬಿಡುತ್ತಾರೆ. ಅದು ಸರಿಯಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ 10 ಮೀಟರ್ ಎತ್ತರದವರೆಗೆ 1.2 ಚದರ ಮೀಟರ್ ಡಕ್ಟ್ ಸಾಕು ಅಂತ ಇರುವುದು ಬಚ್ಚಲು, ಪಾಯಿಖಾನೆಗೆ. ವಾಸದ ಕೋಣೆ ಒಳಬಯಲನ್ನೇ ನಂಬಿದ್ದರೆ ಆ ಬಯಲು 3 ಮೀಟರ್ ಅಗಲ ಇರಬೇಕು. ಇನ್ನೊಂದು, ಬಚ್ಚಲಿನ ವೆಂಟಿಲೇಟರನ್ನು ಈ ಡಕ್ಟಿಗೆ ತರಲೇಬೇಡಿ. ನಾನು ಅವನ್ನೆಲ್ಲ ಹಿಂದಿನ ಸೆಟ್‌ಬ್ಯಾಕ್‌ಗೆ ತಿರುಗಿಸಿದೆ. ಅದಕ್ಕೆ ಪೈಪ್ ಲೈನ್ ಉದ್ದವಾಗಿ ಪ್ಲಂಬರ್ ಗೊಣಗಿದ, ನಾಲ್ಕೈದು ಸಾವಿರ ಹೆಚ್ಚಿಗೆ ತೆಗೆದುಕೊಂಡ.

ಕಿಟಕಿ ವಿಷಯದಲ್ಲಿ ಗಿರಾಕಿಗಳ ಜೊತೆ ನಾನು ಹಟ ಹಿಡಿಯುತ್ತೇನೆ. ಹೆಚ್ಚು ಸೆಕೆಯೂ ಹೆಚ್ಚು ತೇವವೂ ಇಲ್ಲದ ಊರಿಗೆ, ನೆಲದ ಎಂಟನೇ ಒಂದು ಭಾಗ ಕಿಟಕಿ ತೆರೆದಿರಬೇಕು ಅಂತ ಅದೇ ಸಂಹಿತೆ ಹೇಳುತ್ತದೆ. ಕರಾವಳಿಯಂಥ ಸೆಕೆ ತೇವದ ಕಡೆ ಆರನೇ ಒಂದು. 10x10 ಕೋಣೆಗೆ ಹನ್ನೆರಡೂವರೆ ಚದರ ಅಡಿ ಆಯಿತು. 4x4 ಕಿಟಕಿ ಇಟ್ಟು ಹದಿನಾರು ಬಂತಲ್ಲ ಅನ್ನುತ್ತಾರೆ. ಸ್ಲೈಡಿಂಗ್ ಹಾಕಿದರೆ ಅದರಲ್ಲಿ ತೆರೆಯುವುದು ಅರ್ಧವೇ, ಎಂಟು ಚದರ ಅಡಿ. ಸೊಳ್ಳೆ ಪರದೆ ಸೇರಿದರೆ ಗಾಳಿ ಇನ್ನೂ ಕಡಿಮೆ. ಆದ್ದರಿಂದ ನನ್ನ ಮನೆಗಳಲ್ಲಿ ಪೂರ್ತಿ ತೆರೆಯುವ ಬಾಗಿಲಿನ ಕಿಟಕಿಯೇ. ಅದರ ಜೊತೆಗೆ ಹಳೇ ಕಾಲದ ವೆಂಟಿಲೇಟರನ್ನು ವಾಪಸ್ ತಂದಿದ್ದೇನೆ. ಲಿಂಟಲ್ (ಕಿಟಕಿ ಬಾಗಿಲ ಮೇಲಿನ ಅಡ್ಡ ತೊಲೆ) ಏಳು ಅಡಿಗೆ, ಸೂರು ಹತ್ತು ಅಡಿಗೆ. ನಡುವಿನ ಮೂರು ಅಡಿಯಲ್ಲೇ ಬಿಸಿಗಾಳಿ ಕೂತಿರುತ್ತದೆ. ಅದಕ್ಕೆ ದಾರಿ ಬೇಡವಾ? ಕೋಣೆ ಬಾಗಿಲುಗಳ ಮೇಲೂ ಒಂದಡಿ ಜಾಲಿ ಬಿಟ್ಟೆ. ರಾತ್ರಿ ಎಲ್ಲರೂ ಬಾಗಿಲು ಹಾಕಿ ಮಲಗುತ್ತಾರೆ. ಆ ಜಾಲಿ ಇಲ್ಲದಿದ್ದರೆ ಡಕ್ಟ್ ಇದ್ದೂ ಇಲ್ಲದ ಹಾಗೆ.

ಗಾಳಿ ಆಡುತ್ತಿದೆಯೋ ಇಲ್ಲವೋ ನೋಡಲು ನನ್ನ ಹತ್ತಿರ ಇರುವುದು ಊದುಬತ್ತಿ. ಫ್ಯಾನ್ ಆರಿಸಿ, ಡಕ್ಟ್ ಕಿಟಕಿಯ ಹತ್ತಿರ ಹಿಡಿದರೆ ಹೊಗೆ ಮೊದಲು ನೇರ ಏಳುತ್ತದೆ, ಒಂದು ಗೇಣು ಎದ್ದ ಮೇಲೆ ಕಿಟಕಿ ಕಡೆಗೆ ಬಾಗುತ್ತದೆ, ಆಮೇಲೆ ಎಳೆ ಹಿಡಿದು ಹೊರಗೆ ಹೋಗುತ್ತದೆ. ಬಾಗದೆ ಸುತ್ತಿ ಸುತ್ತಿ ನಿಂತರೆ ಎಲ್ಲೋ ದಾರಿ ಕಟ್ಟಿದೆ ಅಂತ. ಹೊಗೆ ನೋಡುವ ಈ ಅಭ್ಯಾಸ ನನಗೆ ಬಂದದ್ದು ನರಸೀಪುರದ ಕಡೆ ಇರುವ ನಮ್ಮ ಅಕ್ಕನ ಮನೆಯಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ಅಸ್ತ್ರ ಒಲೆ ನೆನಪಿದೆಯಾ? ಮೂರು ಪಾತ್ರೆ ಕೂರುವ, ಹೊಗೆ ಕೊಳವೆ ಇದ್ದ ಮಣ್ಣಿನ ಒಲೆ. ಅದು ಬರುವ ಮೊದಲು ಅಡುಗೆಮನೆ ಹೆಂಚಿನಲ್ಲಿ ಎಲ್ಲಿ ಮಸಿ ದಪ್ಪ, ಎಲ್ಲಿ ತೆಳು ಅಂತ ನೋಡಿದರೆ ಗಾಳಿ ಹೋಗುವ ದಾರಿ ಬರೆದಿಟ್ಟ ಹಾಗೆ ಕಾಣುತ್ತಿತ್ತು.

ಯಜಮಾನರ ಭಾಮೈದ ಆನ್‌ಲೈನ್‌ನಲ್ಲಿ ತರಿಸಿದ ಒಂದು ಇಂಗಾಲದ ಡೈಆಕ್ಸೈಡ್ ಮೀಟರ್ ತಂದಿದ್ದ. ಮೂರು ಸಾವಿರದ್ದು ಇರಬೇಕು. ಉಸಿರು ಬಿಟ್ಟ ಗಾಳಿ ಒಳಗೇ ಉಳಿದಷ್ಟೂ ಅದರ ಅಂಕಿ ಏರುತ್ತದೆ. ಹೊರಗೆ ಹಿಡಿದರೆ 420 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಆಸುಪಾಸು. ಹಳೇ ಬಾಡಿಗೆ ಮನೆಯಲ್ಲಿ ನಾಲ್ಕು ಜನ ಬಾಗಿಲು ಹಾಕಿ ಮಲಗಿದ ಕೋಣೆಯಲ್ಲಿ ಬೆಳಗಿನ ಜಾವ ಅದು ಎರಡು ಸಾವಿರ ದಾಟಿತ್ತಂತೆ. ಹೊಸ ಮನೆಯಲ್ಲಿ ಅದೇ ನಾಲ್ಕು ಜನ, ಏಳುನೂರು ಎಂಟುನೂರರಲ್ಲಿ ನಿಂತಿತು. ನನಗೆ ಊದುಬತ್ತಿಯೇ ಸಾಕಿತ್ತು. ಆದರೆ ಅನುಮಾನ ಇದ್ದವರ ಬಾಯಿ ಮುಚ್ಚಿಸಿದ್ದು ಆ ಮೀಟರ್. ಕೋಣೆಯ ಗಾಳಿ ಬದಲಾಗುತ್ತಿಲ್ಲ ಅಂದರೆ ಒಬ್ಬರು ಕೆಮ್ಮಿದ್ದು ಇನ್ನೊಬ್ಬರ ಎದೆಗೆ ಹೋಗುತ್ತಲೇ ಇರುತ್ತದೆ. ಕ್ಷಯ ಹರಡುವುದು ಹಾಗೇ ಅಲ್ವಾ. ಮಗುವಿನ ಉಬ್ಬಸ ನನ್ನ ಡಕ್ಟಿನಿಂದ ವಾಸಿ ಆಯಿತು ಅಂತ ನಾನು ಹೇಳುವುದಿಲ್ಲ. ಔಷಧಿ ಈಗಲೂ ನಡೆದಿದೆ. ಬೀರುವಿನ ಹಿಂದೆ ಬೂಷ್ಟು ಇಲ್ಲ, ಮಳೆಗಾಲದಲ್ಲಿ ಹೊದಿಕೆ ಒದ್ದೆ ವಾಸನೆ ಬರುವುದಿಲ್ಲ. ಇದನ್ನು ನಾನೇ ಮುಟ್ಟಿ ನೋಡಿದ್ದೇನೆ.

ನಡುವೆ ಇನ್ನೊಂದು ಪ್ರಯೋಗ. ಏಪ್ರಿಲ್‌ನಲ್ಲಿ ಹಿಂದಿನ ಕಿಟಕಿಗೆ ನೆನೆಸಿದ ಗೋಣಿಚೀಲ ಕಟ್ಟಿದೆವು. ತಂಪೇನೋ ಚೆನ್ನಾಗಿತ್ತು. ವಾರದಲ್ಲಿ ಮುಗ್ಗಲು ವಾಸನೆ ಬಂತು, ತೆಗೆದೆವು. ಲಾವಂಚದ ಪರದೆ ಹಾಕಿ ನೋಡುವ ಆಸೆ ಇನ್ನೂ ಇದೆ.

ಡಕ್ಟಿನ ತಳದಲ್ಲಿ ನೀರು ನಿಲ್ಲಬಾರದು. ಇಳಿಜಾರು ಚೆನ್ನಾಗಿ ಕೊಟ್ಟು, ಚರಂಡಿ ವಾಸನೆ ತಡೆಯುವ ಟ್ರ್ಯಾಪ್ ಇಟ್ಟು, ಉತ್ತರದ ಚರಂಡಿಗೆ ಸೇರಿಸಿದೆ. ಒಂದು ಬಟ್ಟಲು ತಿಳಿನೀರು ನಿಂತರೂ ಡೆಂಗಿ ಸೊಳ್ಳೆಗೆ ಅಷ್ಟೇ ಸಾಕು. ಸಂಪು, ಗಿಡದ ಕುಂಡ ಯಾವುದನ್ನೂ ಅಲ್ಲಿ ಇಡಲು ಬಿಡಲಿಲ್ಲ. ಜಾಲಿಗೆ ಒಳಗಿಂದ ಸ್ಟೀಲ್ ಮೆಷ್, ಇಲ್ಲದಿದ್ದರೆ ಪಾರಿವಾಳದ ಸಂಸಾರ. ಗುಡಿಸಲು ಕೆಳಗಿನ ಅಡುಗೆಮನೆಯಿಂದ ಒಂದು ಸಣ್ಣ ಬಾಗಿಲು.

ಖರ್ಚು ಕೇಳುತ್ತೀರಿ. ಜಾಲಿ, ಗಾಜು, ಮೆಷ್, ಹೆಚ್ಚಿನ ಗೋಡೆ, ಗಾರೆ ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ. ಎರಡು ಅಂತಸ್ತಿಂದ ಅರ್ಧ ಚದರ ಮೋಲ್ಡ್ (ಕಾಂಕ್ರೀಟ್ ಚಾವಣಿ) ಖರ್ಚು ಉಳಿಯಿತು, ಅದರಲ್ಲಿ ಸ್ವಲ್ಪ ವಾಪಸ್ ಬಂತು. ಮೇಲಿನ ಬಾಡಿಗೆ ಐನೂರು ಕಮ್ಮಿ ಸಿಗುತ್ತದೆ ಅಂತ ಎಲ್ಲರೂ ಹೆದರಿಸಿದ್ದರು. ಅದೇ ಬೀದಿಯ ಉಳಿದ ಮನೆಗಳಿಗಿಂತ ಐನೂರು ಜಾಸ್ತಿಗೇ ಹೋಯಿತು. ನೋಡಲು ಬಂದವರು ಹಗಲಲ್ಲಿ ಲೈಟ್ ಹಾಕದೆ ನಡುಕೋಣೆ ನೋಡಿ ಅವತ್ತೇ ಅಡ್ವಾನ್ಸ್ ಕೊಟ್ಟರು.

ಈಗ ಅಗ್ರಿಮೆಂಟ್‌ನಲ್ಲೇ ಒಂದು ಸಾಲು ಬರೆಸುತ್ತೇನೆ. ಸೆಟ್‌ಬ್ಯಾಕ್ ಮೇಲೆ, ಡಕ್ಟ್ ಮೇಲೆ ಆಮೇಲೆ ಶೀಟ್ ಹಾಕುವುದಿದ್ದರೆ ನನ್ನನ್ನು ಕರೆಯಬಾರದು ಅಂತ. ಸದ್ಯ ಹೂಟಗಳ್ಳಿ ಕಡೆ ಅಣ್ಣತಮ್ಮಂದಿರ ಎರಡು ಸೈಟು ಅಕ್ಕಪಕ್ಕ ಸಿಕ್ಕಿದೆ. ಇಬ್ಬರ ಮೂರು ಮೂರು ಅಡಿಯನ್ನೂ ಎದುರುಬದುರು ಇಟ್ಟು, ನಡುವೆ ಕಾಂಪೌಂಡ್ ಎತ್ತದೆ, ಆರು ಅಡಿಯ ಒಂದೇ ಬಯಲು ಮಾಡೋಣ ಅಂದೆ. ಅಣ್ಣ ಒಪ್ಪಿದ್ದಾನೆ. ತಮ್ಮನ ಹೆಂಡತಿಯನ್ನು ಮೊದಲಿನ ಮನೆಗೆ ಕರೆದುಕೊಂಡು ಹೋಗಿ, ಆ ಅಜ್ಜಿಯಿಂದಲೇ ಹೇಳಿಸಬೇಕು.