ಸೂಜಿ ನೋಡುವುದನ್ನು ಬಿಟ್ಟ ಮೇಲೆ ಹೊಲಿಗೆ ನೆಟ್ಟಗಾಯಿತು

“ಮಷೀನ್ ಮಾರಿಬಿಡವಾ. ಸೂಜಿ ಬಟ್ಟಿಗೆ ಹಾಕ್ತೀಯೋ ಬೆರಳಿಗೆ ಹಾಕ್ತೀಯೋ ಗೊತ್ತಾಗಂಗಿಲ್ಲ ನಿನಗ” ಅಂದಿದ್ದರು ನನಗೆ ಕಟಿಂಗ್ ಕಲಿಸಿದ ಕಾಕಾ. ಹೋದ ದಸರೆಗೆ ನಾನು ಹೊಲಿದ ಬ್ಲೌಸು ಅರವತ್ತರ ಮೇಲಿವೆ. ವಾಪಸ್ ಬಂದವು ಮೂರೋ ನಾಲ್ಕೋ. ಕಣ್ಣು ನೆಟ್ಟಗಿದ್ದಾಗಲೂ ಅಷ್ಟು ಬರುತ್ತಿದ್ದವು.

ನನ್ನದು ಸ್ಟಾರ್‌ಗಾರ್ಡ್ ಅನ್ನುವ ಕಣ್ಣಿನ ರೋಗ. ನಡುಗಣ್ಣು ಹೋಗಿದೆ, ಅಂಚು ಉಳಿದಿದೆ. ಸೂಜಿ ಕಾಣುವುದಿಲ್ಲ, ಎದುರು ನಿಂತವರ ಮುಖ ಕಾಣುವುದಿಲ್ಲ, ಆದರೆ ಪಕ್ಕದಲ್ಲಿ ಬಿದ್ದ ಕತ್ತರಿ ಕಾಣುತ್ತದೆ. ಅದನ್ನು ಎತ್ತಿಕೊಂಡರೆ “ನಾಟಕ ಮಾಡತಾಳ” ಅನ್ನುವವರು ಇದ್ದರು. ಒಳ್ಳೆಯ ಕಣ್ಣೇ 6/60, ಅಂದರೆ ಉಳಿದವರಿಗೆ 60 ಮೀಟರಿನಿಂದ ಕಾಣುವುದು ನನಗೆ 6 ಮೀಟರಿಗೆ ಬಂದರೇ ಕಾಣುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಲೆಕ್ಕದಲ್ಲಿ 6/18ರ ಕೆಳಗಿನಿಂದ 3/60ರವರೆಗೆ ಮಂದದೃಷ್ಟಿ, ಹಾಗಾಗಿ ನನ್ನ ಅಂಗವಿಕಲರ ಕಾರ್ಡಿನಲ್ಲೂ ಅದೇ ಇದೆ.

ಮೊದಲು ದುಡ್ಡು ಕಳೆದದ್ದು ಹೇಳುತ್ತೇನೆ. 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ತರಿಸಿದೆ, ಸುಮಾರು 1,800 ರೂಪಾಯಿ. ಅದು ಬಟ್ಟೆಯಿಂದ ಎರಡೂವರೆ ಸೆಂಟಿಮೀಟರ್ ದೂರದಲ್ಲಿದ್ದರೇ ಸ್ಪಷ್ಟ. ಅಷ್ಟರೊಳಗೆ ಬಟ್ಟೆ ಒತ್ತಿ ಹಿಡಿಯುವ ಮಷೀನಿನ ಪಾದ, ಸೂಜಿ, ನನ್ನ ಬೆರಳು ಎಲ್ಲ ಹಿಡಿಸಬೇಕು! ಮೂರು ಸೂಜಿ ಮುರಿದೆ. ಆಮೇಲೆ ಅಂಗಡಿಯವನ ಮಾತು ಕೇಳಿ ತಲೆಯ ಮೇಲೆ ದೊಡ್ಡ ಎಲ್‌ಇಡಿ ಹಾಕಿಸಿದೆ. ಬಿಳಿ ಅಸ್ತರಿನ ಮೇಲೆ ಬಿದ್ದ ಬೆಳಕು ಕಣ್ಣಿಗೇ ಹೊಡೆದು, ಕಾಣುತ್ತಿದ್ದದ್ದೂ ಹೋಯಿತು. ಈಗ ಬಗ್ಗುವ ಕುತ್ತಿಗೆಯ ಸಣ್ಣ ದೀಪ ಒಂದೇ, ಎಡಗಡೆ. ಎರಡು ಅಡಿ ಮೇಲಿದ್ದದ್ದನ್ನು ಒಂದು ಅಡಿಗೆ ಇಳಿಸಿದರೆ ಬೆಳಕು ನಾಲ್ಕು ಪಟ್ಟಾಗುತ್ತದೆ, ಕರೆಂಟು ಅಷ್ಟೇ.

ದಾರಿ ಸಿಕ್ಕದ್ದು ಗಡಿಯಾರದ ಆಟದಿಂದ. ಹಾಳೆಯ ನಡುವೆ ಚುಕ್ಕಿ ಇಟ್ಟು ಸುತ್ತ 1ರಿಂದ 12 ಬರೆದು, ಒಂದೊಂದೇ ಅಂಕಿಯ ಕಡೆ ಕಣ್ಣು ತಿರುಗಿಸಬೇಕು. ಯಾವ ಕಡೆ ನೋಡಿದಾಗ ನಡುವಿನ ಚುಕ್ಕಿ ತಿಳಿಯಾಗುತ್ತದೋ ಅದೇ ನಿಮ್ಮ ದಿಕ್ಕು. ನನ್ನದು 2. ಹಾಗಾಗಿ ಸೂಜಿಯಿಂದ ಎರಡು ಬೆರಳು ದೂರ, ಬಲಕ್ಕೆ ಸ್ವಲ್ಪ ಮೇಲೆ, ಮಷೀನಿನ ಮೈಗೆ ಬಿಳಿ ಪಟ್ಟಿ ಅಂಟಿಸಿದೆ. ಪಟ್ಟಿ ನೋಡುತ್ತಾ ಹೊಲಿಯುವುದು. ನಡುಗಣ್ಣಿನ ಮಸುಕು ಪಟ್ಟಿಯ ಮೇಲೆ ಕೂರುತ್ತದೆ, ಸೂಜಿ ಹೊರಗೆ ಬರುತ್ತದೆ. ಹೇಳೋಕೆ ಸುಲಭ. ಕಣ್ಣು ಹಟಮಾರಿ ಕರುವಿನ ಹಾಗೆ ಸೂಜಿಯ ಕಡೆಗೇ ಓಡುತ್ತದೆ. ಎರಡು ತಿಂಗಳು ಹಳೇ ಸೀರೆ ತುಂಡುಗಳ ಮೇಲೆ ಬರೀ ನೇರ ಹೊಲಿಗೆ, ಕುತ್ತಿಗೆ ನೋವು, ಯಜಮಾನರ ಹತ್ತಿರ ಜಗಳ.

ಅರ್ಧ ಇಂಚಿನ ಅಂತರಕ್ಕೆ ಕಣ್ಣೇ ಬೇಡ, ಪಾದದ ಪಕ್ಕ ಅಯಸ್ಕಾಂತ ಇಟ್ಟರೆ ಬಟ್ಟೆಯ ಅಂಚು ತಾನೇ ಅದಕ್ಕೆ ಒರಗಿ ಹೋಗುತ್ತದೆ. ಬೆರಳಿಗೆ ತಿಳಿಯಲಿ ಅಂತ ಅಳತೆ ಟೇಪಿಗೆ ಇಂಚಿಗೊಂದು ಸ್ಟೇಪ್ಲರ್ ಪಿನ್ನು, ಐದನೇ ಇಂಚಿಗೆ ಎರಡು. ಅಳತೆಗಳನ್ನು ಫೋನಿನಲ್ಲಿ ಮಾತಾಡಿ ಇಡುತ್ತೇನೆ. ಕಂಕುಳ ತಿರುವನ್ನು ಹೇಗೆ ಕೂರಿಸುತ್ತೇನೆ ಅಂತ ಮಾತ್ರ ಕೇಳಬೇಡಿ. ಅದು ನನ್ನ ಅನ್ನ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಕಣ್ಣು ಮುಚ್ಚಿಕೊಂಡೇ ಗುಳೇದಗುಡ್ಡದ ಖಣದ ಕುಪ್ಪಸ ಹೊಲಿದು ನೋಡಿದೆ. ಖಣದ ಬುಟ್ಟಾ ಬೆರಳಿಗೆ ಸಿಗುತ್ತದೆ, ದಡಿಯೂ ಸಿಗುತ್ತದೆ, ಬಟ್ಟೆಯೇ ದಾರಿ ಹೇಳುತ್ತದೆ. ತೋಳು ಚೆನ್ನಾಗಿ ಬಂತು. ಹುಕ್ಕಿನ ಪಟ್ಟಿ ತಲೆಕೆಳಗಾಗಿತ್ತು. ಆ ಕುಪ್ಪಸ ನಾನೇ ಉಟ್ಟುಕೊಂಡೆ. ನುಣ್ಣನೆಯ ಕ್ರೇಪಿನಲ್ಲಿ ಇದನ್ನು ಮಾಡಲು ಹೋಗಬೇಡಿ.

ಬಣ್ಣದಲ್ಲಿ ಇನ್ನೂ ಸೋಲುತ್ತೇನೆ. ಕಡುನೀಲಿ ಬ್ಲೌಸಿಗೆ ಕಪ್ಪು ದಾರ ಹಾಕಿ ಕೊಟ್ಟು 350 ರೂಪಾಯಿ ಬಿಟ್ಟುಕೊಟ್ಟೆ. ಫೋನಿನ ಬಣ್ಣ ಹೇಳುವ ಆ್ಯಪು ಟ್ಯೂಬ್‌ಲೈಟಿನಲ್ಲಿ ಒಂದು ಹೇಳುತ್ತದೆ, ಬಾಗಿಲ ಬಿಸಿಲಲ್ಲಿ ಇನ್ನೊಂದು. ಈಗ ರೀಲುಗಳನ್ನೆಲ್ಲ ಮಗಳು ಗುಂಡಿ ಕಟ್ಟಿ ಗುರುತು ಮಾಡಿದ್ದಾಳೆ: ಕಪ್ಪಿಗೆ ಒಂದು, ನೀಲಿಗೆ ಎರಡು. ಅವಳು ಕಾಲೇಜಿಗೆ ಹೋಗುವ ಮುಂಚೆ ದಿನದ ದಾರ ಆರಿಸಿ ಇಟ್ಟರೆ ಆಯಿತು.

ಕಪ್ಪು ಬಟ್ಟೆಗೆ ಕಪ್ಪು ದಾರ ಬಿಚ್ಚುವುದಂತೂ ನರಕ. ಕೆಳಗೆ ಬಿಳಿ ಹಾಳೆ ಹಾಸಿಕೊಂಡು ಬಿಚ್ಚಿದರೂ ಅರ್ಧ ಗಂಟೆ ಹೋಗುತ್ತದೆ. ಅದಕ್ಕೇ ಕಪ್ಪು ಬ್ಲೌಸಿಗೆ 50 ರೂಪಾಯಿ ಹೆಚ್ಚು ತಗೋತೀನಿ. ಕಾಕಾ ತಮ್ಮ ಸೊಸೆಯ ಬ್ಲೌಸು ಕಳಿಸಿದಾಗಲೂ ತಗೊಂಡೆ.