ಫ್ಲಾಪಿ ಡ್ರೈವಿನ ವೇಗ ನೋಡಲು ಹಳೇ ಟ್ಯೂಬ್‌ಲೈಟ್ ಸಾಕು

ಶಿರಸಿಯ ಮನೆಯ ಅಟ್ಟದಿಂದ ಇಳಿಸಿದ ಹಳೇ ಕಂಪ್ಯೂಟರ್ ಶುರುವೇನೋ ಆಯಿತು. ಫ್ಲಾಪಿ ಮಾತ್ರ ಒಮ್ಮೆ ಓದುತ್ತದೆ, ಮೂರು ಸಲ ಮುನಿಸಿಕೊಳ್ಳುತ್ತದೆ. ಹಾಗೆಂದು ಕೈ ನೇರವಾಗಿ ಡ್ರೈವಿನ ವೇಗ ಹೊಂದಿಸುವ ತಿರುಪಿಗೆ ಹೋಗಬಾರದು. ನಮ್ಮ ಮಳೆಗಾಲಗಳನ್ನು ಕಂಡ ಡ್ರೈವಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಫ್ಲಾಪಿಯನ್ನು ಓದುವ ಹೆಡ್ಡಿನ ಕೊಳೆ, ಆಮೇಲೆ ಸಡಿಲಾದ ಬೆಲ್ಟು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಹೆಡ್ ಮೆಲ್ಲಗೆ ಒರೆಸಿ. ಬೂಷ್ಟು ಹಿಡಿದ ಫ್ಲಾಪಿಯನ್ನು ಮತ್ತೆ ಅದಕ್ಕೇ ತುರುಕಿದರೆ ಒರೆಸಿದ್ದು ದಂಡ.

ಐದೂಕಾಲು ಇಂಚಿನ 360 ಕೆ.ಬಿ. ಡ್ರೈವ್ ನಿಮಿಷಕ್ಕೆ 300 ಸುತ್ತು ತಿರುಗಬೇಕು. (1.2 ಎಂ.ಬಿ.ಯದು 360 ಸುತ್ತಿನದು. ಈ ಲೆಕ್ಕ ಅದಕ್ಕಲ್ಲ.) ಡ್ರೈವನ್ನು ಹೊರತೆಗೆದು, ವೈರುಗಳು ಹಾಗೇ ಇರುವಂತೆ ಮಗುಚಿಡಿ. ಬೆಲ್ಟಿನ ಡ್ರೈವಾದರೆ ದೊಡ್ಡ ಚಕ್ರದ ಮೇಲೆ ಸಾಮಾನ್ಯವಾಗಿ ಕಪ್ಪು ಗೆರೆಗಳ ಎರಡು ಉಂಗುರ ಇರುತ್ತವೆ. ಕರೆಂಟು ಸೆಕೆಂಡಿಗೆ ಎಷ್ಟು ಆವರ್ತ ಹಾಕುತ್ತದೆ (ಹರ್ಟ್ಸ್) ಎಂಬ ಲೆಕ್ಕ ಅದು: 60 ಎಂದಿರುವುದು ಅಮೆರಿಕದ ಕರೆಂಟಿಗೆ, 50 ನಮ್ಮದು. ಒಂದು ಆವರ್ತಕ್ಕೆ ಎರಡು ಮಿನುಗು. ಚೋಕ್, ಸ್ಟಾರ್ಟರ್ ಇರುವ ಹಳೇ ಟ್ಯೂಬ್‌ಲೈಟ್ ನಮ್ಮಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಅಷ್ಟರಲ್ಲಿ ಚಕ್ರ 5 ಸುತ್ತು ತಿರುಗಿದರೆ ಉಂಗುರದ 20 ಗೆರೆಗಳು ನಿಂತಂತೆಯೇ ಕಾಣುತ್ತವೆ. ಎಲ್‌ಇಡಿ ಬಲ್ಬಿನ ಕೆಳಗೆ ಈ ಆಟ ನಡೆಯುತ್ತದೆಂಬ ಭರವಸೆ ಇಲ್ಲ. ಕರೆಂಟು ಹೋಗಿ ಇನ್ವರ್ಟರ್ ಓಡುತ್ತಿದ್ದಾಗಲೂ ಬೇಡ, ಅದರ ಹರ್ಟ್ಸ್ ಎಷ್ಟೆಂದು ನಂಬುವುದು ಹೇಗೆ?

ಹೋದರೂ ಪರವಾಗಿಲ್ಲ ಎನ್ನುವಂಥ ಫ್ಲಾಪಿ ಹಾಕಿ ಕಾಲು ಗಂಟೆ ಮೋಟಾರ್ ಓಡಿಸಿ. ಖಾಲಿ ಡ್ರೈವಿನ ವೇಗವೇ ಬೇರೆ. ಗೆರೆಗಳು ಚಕ್ರ ತಿರುಗುವ ಕಡೆಗೇ ಜಾರಿದರೆ ವೇಗ ಹೆಚ್ಚು, ಹಿಂದಕ್ಕೆ ಜಾರಿದರೆ ಕಡಿಮೆ. ಸೆಕೆಂಡಿಗೆ ಒಂದು ಗೆರೆಯಷ್ಟು ಜಾರಿದರೆ ವ್ಯತ್ಯಾಸ ನಿಮಿಷಕ್ಕೆ 3 ಸುತ್ತು, ಅಂದರೆ ಶೇ 1. ಅಷ್ಟಕ್ಕೇ ಡ್ರೈವ್ ಓದಲಾರದು ಎಂದಲ್ಲ. ನಾನಾದರೆ ಅದಕ್ಕಿಂತ ಕಡಿಮೆ ಜಾರಿದ್ದನ್ನು ಮುಟ್ಟುವುದೇ ಇಲ್ಲ.

ಮುಟ್ಟಲೇಬೇಕಾದರೆ ಮೋಟಾರಿನ ಬೋರ್ಡಿನಲ್ಲಿ ಪುಟ್ಟ ತಿರುಪು ಹುಡುಕಿ, ಅದು ಈಗಿರುವ ಜಾಗಕ್ಕೆ ಮಾರ್ಕರಿನಿಂದ ಗೆರೆ ಎಳೆದುಕೊಳ್ಳಿ. ಪ್ಲಾಸ್ಟಿಕ್ ಸ್ಕ್ರೂಡ್ರೈವರಿನಲ್ಲಿ ಕೂದಲೆಳೆಯಷ್ಟು ತಿರುಗಿಸಿ, ಕಾಯಿರಿ, ನೋಡಿ. ತಿರುಪೇ ಇಲ್ಲದಿದ್ದರೆ ವೇಗವನ್ನು ಬೋರ್ಡಿನ ಕ್ರಿಸ್ಟಲ್ (ಒಂದೇ ತಾಳ ಹಿಡಿಯುವ ಸ್ಫಟಿಕ) ಕಾಯುತ್ತಿರಬಹುದು. ಆಗ ತಪ್ಪು ಬೇರೆ ಕಡೆ ಹುಡುಕಿ. ಡ್ರೈವಿಗೆ ಬರುವುದು 5 ಮತ್ತು 12 ವೋಲ್ಟ್ ಮಾತ್ರ, ಆದರೆ ಪವರ್ ಸಪ್ಲೈ ಡಬ್ಬಿ ಬಿಚ್ಚಬೇಡಿ.

ಗೆರೆ ನಿಂತ ಮೇಲೆ ಬೇಡದ ಫ್ಲಾಪಿಯೊಂದನ್ನು ಫಾರ್ಮ್ಯಾಟ್ ಮಾಡಿ ಇನ್ನೊಂದು ಡ್ರೈವಿನಲ್ಲಿ ಓದಿಸಿ. ಬೇಕಾದ ಫ್ಲಾಪಿಯ ಸರದಿ ಆಮೇಲೆ. ಅದನ್ನು ಹಾಕುವ ಮೊದಲು, ಡ್ರೈವ್ ಅದರ ಮೇಲೆ ಏನೂ ಬರೆಯದಂತೆ, ಅಂಚಿನ ಕಚ್ಚಿಗೆ ಕಪ್ಪು ಟೇಪ್ ಅಂಟಿಸಿರಿ.